ಚಿಮಣಿ ಉಳಿಯಿತು, ಸರಿ

ಮುಂಬಯಿಯ ಮಗನ ಮನೆಗೆ ಹೋಗಿಬಂದ ಓದುಗರೊಬ್ಬರು ಬರೆದಿದ್ದಾರೆ: ‘ಲೋವರ್ ಪರೇಲಿನಲ್ಲಿ ಮುಚ್ಚಿಹೋದ ಬಟ್ಟೆ ಗಿರಣಿಯೊಂದು ಮಾಲ್ ಆಗಿದೆ. ಹಳೆಯ ಚಿಮಣಿಯನ್ನು ಕೆಡವದೆ ಉಳಿಸಿಕೊಂಡಿದ್ದಾರೆ. ಭಾನುವಾರ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಸತ್ತ ಪ್ರದೇಶಕ್ಕೆ ಜೀವ ತುಂಬುವುದೆಂದರೆ ಇದು. ನೀವು ಮಾತ್ರ ಮುಚ್ಚಿದ ಗಿರಣಿಗಳ ಹಳೆಯ ಗೋಳು ಬಿಡುವುದಿಲ್ಲ.’ ಜೊತೆಗೆ ಚಿಮಣಿಯ ಚಿತ್ರವನ್ನೂ ಇಟ್ಟಿದ್ದಾರೆ.

ಗೋಳಿನ ಆರೋಪ ಒಪ್ಪಿದೆ, ಸ್ವಾಮಿ. ಮುಚ್ಚಿದ ಗಿರಣಿಯಲ್ಲಿ ಪಾರಿವಾಳ ಸಾಕಿಕೊಂಡಿರಬೇಕಿತ್ತು ಎಂದು ನಾನೂ ಹೇಳುವುದಿಲ್ಲ. ಆ ನೆಲದಲ್ಲಿ ಇಂದು ಸಾವಿರಾರು ಜನರಿಗೆ ಸಂಬಳವಾಗುತ್ತಿದೆ, ಸಂತೋಷ. ಆದರೆ ‘ಸತ್ತ ಪ್ರದೇಶ’ ಎಂದಿರಲ್ಲ, ನನ್ನ ತಕರಾರು ಇರುವುದು ಅಲ್ಲಿ.

ಮುಂಬಯಿಯ ಮೊದಲ ಹತ್ತಿ ಗಿರಣಿಯ ಕಂಪನಿಯನ್ನು ಕಾವಸ್‌ಜಿ ದಾವರ್ ಕಟ್ಟಿದ್ದು 1854ರಲ್ಲಿ. ಮುಂದೆ ಪರೇಲ್, ಲಾಲ್‌ಬಾಗ್ ಸುತ್ತಮುತ್ತಲಿನದೆಲ್ಲ ‘ಗಿರಣ್‌ಗಾಂವ್’, ಅಂದರೆ ಗಿರಣಿಗಳ ಊರು, ಆಯಿತು. ಕೊಂಕಣದಿಂದ, ಘಟ್ಟದ ಮೇಲಿನಿಂದ, ತೆಲಂಗಾಣದಿಂದ ಬಂದವರು ಚಾಳು ಎಂಬ ವಠಾರಗಳ ಒಂದೊಂದು ಖೋಲಿಯಲ್ಲಿ ಹತ್ತಾರು ಮಂದಿ ತುಂಬಿಕೊಂಡರು. ಮೊದಲ ಪಾಳಿಯವನು ಎದ್ದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಬಂದು ಒರಗುತ್ತಿದ್ದ. ಊಟಕ್ಕೆ ಹೆಂಗಸರು ನಡೆಸುತ್ತಿದ್ದ ಖಾನಾವಳಿ. ನೀವು ಮಾಲ್ ಸುತ್ತಿದ ಭಾನುವಾರವಿದೆಯಲ್ಲ, ಆ ರಜೆಯೂ ಇವರದೇ ಗಳಿಕೆ. ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟಕ್ಕೆ ಮಣಿದು ಗಿರಣಿ ಮಾಲೀಕರು ವಾರದ ರಜೆ ಒಪ್ಪಿದ್ದು 1890ರಲ್ಲಿ.

ನಾನು ವರದಿಗಾರನಾಗಿದ್ದಾಗ ಲಾಲ್‌ಬಾಗಿನ ಚಾಳೊಂದರಲ್ಲಿ ಹಳೆಯ ನೇಕಾರರೊಬ್ಬರನ್ನು ಕಂಡಿದ್ದೆ. ನಾನು ಮಾತಾಡುವಾಗ ಅವರ ದೃಷ್ಟಿ ನನ್ನ ತುಟಿಯ ಮೇಲೆಯೇ ಇರುತ್ತಿತ್ತು. ಮಗ್ಗಗಳ ಸದ್ದಿನಲ್ಲಿ ಕಿವಿ ಹೋಗಿತ್ತು. ತುಟಿ ನೋಡಿ ಮಾತು ತಿಳಿಯುವುದನ್ನು ಕೆಲಸದಲ್ಲಿದ್ದಾಗಲೇ ಕಲಿತಿದ್ದರಂತೆ. ಟ್ರಂಕಿನಿಂದ ಹಾಜರಿಯ ಹಿತ್ತಾಳೆ ಬಿಲ್ಲೆ ತೆಗೆದು, ಪಂಚೆಯ ತುದಿಯಿಂದ ಒರೆಸಿ, ನನ್ನ ಕೈಗಿಟ್ಟರು. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರದ ಕರೆಗೆ ಓಗೊಟ್ಟು ಹೊರಬಂದ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಲ್ಲಿ ಅವರೂ ಒಬ್ಬರು. ‘ಮುಷ್ಕರ ಮುಗಿಯಿತೆಂದು ನನಗೆ ಇನ್ನೂ ಯಾರೂ ಹೇಳಿಲ್ಲ’ ಎಂದು ನಕ್ಕರು. ಬಿಲ್ಲೆಯನ್ನು ಮರೆಯದೆ ವಾಪಸು ಇಸಿದುಕೊಂಡರು.

ಇನ್ನು ನೆಲದ ಲೆಕ್ಕ. 1991ರ ನಿಯಮದಂತೆ ಗಿರಣಿಯ ಜಾಗ ಮೂರು ಪಾಲಾಗಬೇಕಿತ್ತು: ಒಂದು ಉದ್ಯಾನ, ಮೈದಾನಗಳಿಗೆ, ಒಂದು ಸಾರ್ವಜನಿಕ ವಸತಿಗೆ, ಒಂದು ಮಾಲೀಕರಿಗೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ನೇತೃತ್ವದ ಸಮಿತಿ ಇಡೀ ಪ್ರದೇಶಕ್ಕೆ ಒಟ್ಟಾಗಿ ನಕ್ಷೆ ಬರೆಯಿರಿ ಎಂದಿತು. 2001ರಲ್ಲಿ ನಿಯಮಕ್ಕೆ ತಿದ್ದುಪಡಿ ಬಂತು. ಮೂರು ಪಾಲು ಮಾಡಬೇಕಾದದ್ದು ಖಾಲಿ ಬಿದ್ದ ಜಾಗವನ್ನು ಮಾತ್ರ, ಕಟ್ಟಡ ನಿಂತ ನೆಲ ಲೆಕ್ಕಕ್ಕಿಲ್ಲ! ಗಿರಣಿಯೆಂದರೆ ಬಹುಪಾಲು ಕಟ್ಟಡವೇ ಅಲ್ಲವೇ? ಹೈಕೋರ್ಟ್ ತಡೆದರೂ 2006ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನೀವು ಮೆಚ್ಚಿದ ‘ಜೀವ’ ಬಂದ ದಾರಿ ಇದು.

ಗಿರಣಿಯವರು ಚಾಳಿನಿಂದ ನಡೆದೇ ಕೆಲಸಕ್ಕೆ ಹೋಗುತ್ತಿದ್ದರು. ಗಾಜಿನ ಗೋಪುರಗಳ ನೌಕರರು ಇಳಿಯುವುದು ರೈಲಿನಿಂದ. ಗೋಪುರ ಎಬ್ಬಿಸಿದವರಾರೂ ನಿಲ್ದಾಣದ ಮೆಟ್ಟಿಲು ಅಗಲವಾಗಿದೆಯೇ ಎಂದು ನೋಡಲಿಲ್ಲ. 2017ರ ಸೆಪ್ಟೆಂಬರ್ 29ರಂದು ಅಲ್ಲಿನ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಕಾಲುಸೇತುವೆಯಲ್ಲಿ ನೂಕುನುಗ್ಗಲಾಗಿ 23 ಜನ ಸತ್ತರು. ಮರುವರ್ಷ ನಿಲ್ದಾಣಕ್ಕೆ ಪ್ರಭಾದೇವಿ ಎಂದು ಹೊಸ ಹೆಸರಾಯಿತು. ಹೆಸರು ಬದಲಿಸುವುದರಲ್ಲಿ ನಮ್ಮನ್ನು ಮೀರಿಸುವವರುಂಟೇ?

ಹೊರದೇಶದವರು ಇದನ್ನು ಬೇರೆ ರೀತಿ ಮಾಡಿದ್ದಾರೆ. ಜರ್ಮನಿಯ ಡ್ಯೂಸ್‌ಬರ್ಗಿನಲ್ಲಿ 1985ರಲ್ಲಿ ಮುಚ್ಚಿದ ಕಬ್ಬಿಣದ ಕಾರ್ಖಾನೆ ಈಗ ಸಾರ್ವಜನಿಕ ಉದ್ಯಾನ. ಅನಿಲ ತುಂಬಿಡುತ್ತಿದ್ದ ತೊಟ್ಟಿಯಲ್ಲಿ ನೀರು ತುಂಬಿಸಿ ಮುಳುಗು ಈಜು (ಡೈವಿಂಗ್) ಕಲಿಸುತ್ತಾರೆ. ಒಳಗೆ ಹೋಗಲು ಏನನ್ನೂ ಕೊಳ್ಳಬೇಕಾಗಿಲ್ಲ. ನಮ್ಮಲ್ಲಿ ನಗರಕ್ಕೆ ಬಂದವನು ಗಿರಾಕಿಯಾಗಿದ್ದರಷ್ಟೇ ಮನುಷ್ಯ. ಮಾಲೊಂದರ ಮೆಟ್ಟಿಲ ಮೇಲೆ ಹತ್ತು ನಿಮಿಷ ಕುಳಿತದ್ದಕ್ಕೆ ಕಾವಲುಗಾರ ನನ್ನನ್ನು ಎಬ್ಬಿಸಿದ್ದುಂಟು. ಪಾಪ, ಅವನಿಗೂ ಕೂರಲು ಕುರ್ಚಿ ಇರಲಿಲ್ಲ.

ನಿಮ್ಮ ಚಿತ್ರ ಚೆನ್ನಾಗಿ ಬಂದಿದೆ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಮತ್ತೆ ಹೋದಾಗ ಮಾಲ್ ದಾಟಿ ಆಚೆಯ ಯಾವುದಾದರೂ ಚಾಳಿನ ಮೆಟ್ಟಿಲು ಹತ್ತಿ. ಅಲ್ಲಿ ಕಂಡದ್ದನ್ನು ನಾಲ್ಕು ಪುಟ ಬರೆದು ಕಳಿಸಿ, ಗೋಳೇ ಆಗಿದ್ದರೂ ಪರವಾಗಿಲ್ಲ.