ಮೇ ತಿಂಗಳ ಬಾಣಂತನ: ಕೂಸಿಗೆ ನೀರು ಕುಡಿಸಬೇಕಾ?

ಅಣ್ಣಾ, ಮೇ ತಿಂಗಳಲ್ಲಿ ಚೊಚ್ಚಲ ಹೆರಿಗೆ, ಕಲಬುರಗಿ ಬಿಸಿಲಿಗೆ ಕೂಸಿಗೆ ನೀರು ಕುಡಿಸಬೇಕಾ ಅಂತ ಕೇಳಿದ್ದೀರಿ. ಬೇಡ. 6 ತಿಂಗಳವರೆಗೆ ಎದೆಹಾಲು ಒಂದೇ ಸಾಕು, ಬೇಕಾದ ನೀರು ಅದರಲ್ಲೇ ಇರುತ್ತದೆ. ಜೇನುತುಪ್ಪವೂ ನೆಕ್ಕಿಸಬೇಡಿ. ನೀರು ಜಾಸ್ತಿ ಬೇಕಾಗಿರುವುದು ಬಾಣಂತಿಗೆ. ನಮ್ಮನೆಯಲ್ಲಿ ಹಿರಿಯರು ನನಗೆ ಗುಟುಕು ಲೆಕ್ಕದಲ್ಲಿ ನೀರು ಕೊಟ್ಟರು, ತುಂಬಾ ಒದ್ದಾಡಿದೆ. ನಿಮ್ಮ ಅತ್ತೆಯವರ ಹತ್ತಿರ ಈಗಲೇ ಮೆಲ್ಲಗೆ ಮಾತಾಡಿ.

ಹೊಸ ಬಟ್ಟೆ ಸುಮ್ನೆ ರಾಶಿ ಹಾಕಬೇಡಿ. ಹಳೆ ಕಾಟನ್ ಸೀರೆ, ಧೋತರ ಒಗೆದು ಬಿಸಿಲಲ್ಲಿ ಒಣಗಿಸಿ ಇಟ್ಟುಕೊಳ್ಳಿ. ಸೆಕೆಯಲ್ಲಿ ಮನೆಯೊಳಗೆ ಕುಂಚಿಗೆ ಬೇಡ. ತಾಯಿ ಕಾರ್ಡ್, ಆಧಾರ್, ಪಾಸ್‌ಬುಕ್ ಒಂದೇ ಚೀಲದಲ್ಲಿರಲಿ. ಮೊದಲ ಮಗುವಿಗೆ ಮಾತೃ ವಂದನಾ ಯೋಜನೆಯ 5,000 ರೂಪಾಯಿ ಇದೆ ಅಲ್ವಾ, ಅಂಗನವಾಡಿಯಲ್ಲಿ ಕೇಳಿ. ರಾತ್ರಿ ನೋವು ಬಂದರೆ ಬೈಕ್ ಬೇಡ, 108ಕ್ಕೆ ಫೋನ್ ಮಾಡಿ.