ಥೆರಪಿ ಕಡಿಮೆ ಮಾಡಿದರೆ ಮಗನಿಗೆ ಅನ್ಯಾಯವೇ?

ಪ್ರಶ್ನೆ: ಏಳು ವರ್ಷದ ನನ್ನ ಮಗನಿಗೆ ಆಟಿಸಂ ಇದ್ದು, ಇನ್ನೂ ಮಾತು ಬಂದಿಲ್ಲ. ಪತಿ ಜೊತೆಗಿಲ್ಲ. ಸಂಬಳದ ಅರ್ಧದಷ್ಟು ಸ್ಪೀಚ್ ಥೆರಪಿಗೇ ಹೋಗುತ್ತಿರುವುದರಿಂದ ಇನ್ನು ವಾರಕ್ಕೊಮ್ಮೆ ಮಾತ್ರ ಕರೆದೊಯ್ಯಬಲ್ಲೆ. ಇದರಿಂದ ಅವನಿಗೆ ಅನ್ಯಾಯವಾಗುತ್ತದೆಯೇ?

ಉತ್ತರ: ಹಾಗೆಂದುಕೊಳ್ಳಬೇಡಿ. ಆ ಒಂದು ದಿನ ಹೊರಗೆ ಕಾಯುವ ಬದಲು ಒಳಗೆ ಕುಳಿತು, ಥೆರಪಿಸ್ಟ್ ಮಾಡಿಸುವುದನ್ನು ಮನೆಯಲ್ಲಿ ಹೇಗೆ ಮುಂದುವರಿಸಬೇಕೆಂದು ಕೇಳಿ ಕಲಿಯಿರಿ. ವಿಶ್ವ ಆರೋಗ್ಯ ಸಂಸ್ಥೆಯು ಇಂಥ ಮಕ್ಕಳ ಪಾಲಕರಿಗಾಗಿ ರೂಪಿಸಿರುವ ತರಬೇತಿಯೂ ಆಟ ಮತ್ತು ದಿನನಿತ್ಯದ ಕೆಲಸಗಳ ನಡುವೆಯೇ ಸಂವಹನವನ್ನು ಕಲಿಸುವ ಬಗೆಯನ್ನು ಹೇಳಿಕೊಡುತ್ತದೆ. ಅಂಗಿ ತೊಡಿಸುವಾಗ ಕೊನೆಯ ಗುಂಡಿಯ ಬಳಿ ಕೈ ನಿಲ್ಲಿಸಿ, ಅವನು ನಿಮ್ಮತ್ತ ನೋಡುವವರೆಗೆ ಅಥವಾ ನಿಮ್ಮ ಕೈ ಎಳೆಯುವವರೆಗೆ ಕಾದು, ‘ಗುಂಡಿ’ ಎಂದು ಹೇಳಿ ಹಾಕಿ. (ಬೆಳಗಿನ ಗಡಿಬಿಡಿಯಲ್ಲಿ ಹೀಗೆ ಕಾಯುವುದೇ ಕಷ್ಟ, ನಿಜ.) ಫಿಟ್ಸ್‌ನಂಥ ತೊಂದರೆಗೆ ಔಷಧಿ ನಡೆಯುತ್ತಿದ್ದರೆ ಮಾತ್ರ, ಖರ್ಚಿನ ಕಾರಣಕ್ಕೆ ಅದನ್ನು ನಿಲ್ಲಿಸಲೇಬೇಡಿ.

ನೆರವು ಕೇಳಲು ಸಂಕೋಚ ಬೇಡ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 28ನೇ ವಿಧಿಯು, ಬಡತನದಲ್ಲಿರುವ ಇಂಥ ಕುಟುಂಬಗಳಿಗೆ ಹಣಕಾಸಿನ ನೆರವಷ್ಟೇ ಅಲ್ಲದೆ, ಪಾಲಕರಿಗೆ ಬಿಡುವು ಸಿಗುವಂಥ ತಾತ್ಕಾಲಿಕ ಆರೈಕೆಯೂ ಸರ್ಕಾರದಿಂದ ದೊರೆಯಬೇಕೆನ್ನುತ್ತದೆ. ಅಂಗವೈಕಲ್ಯ ಪ್ರಮಾಣಪತ್ರವನ್ನು ಇನ್ನೂ ಮಾಡಿಸಿಲ್ಲವಾದರೆ ಮೊದಲು ಅದನ್ನು ಮಾಡಿಸಿಕೊಳ್ಳಿ.