ಆಡಿ ಟಿಟಿಯ ಡ್ಯಾಶ್‌ಬೋರ್ಡಿಗೆ ಬೂಸ್ಟ್ ಗೇಜ್, ಸ್ಕ್ರೀನ್: ವೈರ್ ಕತ್ತರಿಸದೆ ಆಗುತ್ತದೆಯೇ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಆಡಿ ಟಿಟಿ ತೆಗೆದುಕೊಂಡಿದ್ದೇನೆ. ಎರಡನೇ ತಲೆಮಾರಿನದು, 2.0 ಟಿಎಫ್‌ಎಸ್‌ಐ ಎಂಜಿನ್. ಡ್ಯಾಶ್‌ಬೋರ್ಡಿನ ಗುಂಡಗಿನ ಎಸಿ ವೆಂಟಿನಲ್ಲಿ ಬೂಸ್ಟ್ ಗೇಜ್ (ಟರ್ಬೋ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ ತೋರಿಸುವ ಮೀಟರ್) ಕೂರಿಸಬೇಕು, ಹಳೆಯ ರೇಡಿಯೋ ತೆಗೆದು ಆಂಡ್ರಾಯ್ಡ್ ಸ್ಕ್ರೀನ್ ಹಾಕಬೇಕು ಅಂತ ಆಸೆ. ಅಂಗಡಿಯವರು ‘ಅರ್ಧ ದಿನದ ಕೆಲಸ, ವೈರ್ ಕತ್ತರಿಸಿ ಜೋಡಿಸಿದರೆ ಆಯಿತು’ ಎನ್ನುತ್ತಾರೆ. ಒಪ್ಪಬಹುದೇ?
– ಓದುಗರು, ಬದಿಯಡ್ಕ

ಉತ್ತರ: ಒಪ್ಪಬೇಡಿ. ಎರಡೂ ಕೆಲಸ ಖಂಡಿತ ಆಗುತ್ತದೆ, ಆದರೆ ಕಾರಿನ ಒಂದೇ ಒಂದು ಒರಿಜಿನಲ್ ವೈರ್ ಕತ್ತರಿಸದೆ ಆಗುತ್ತದೆ. ಕುಂಬಳೆಯ ನನ್ನ ಅಂಗಡಿಗೆ ಬರುವ ಕರೆಂಟ್ ತೊಂದರೆಗಳಲ್ಲಿ ಜಾಸ್ತಿ ಪಾಲು ಯಾರೋ ಆಮೇಲೆ ತಿರುಚಿ ಟೇಪ್ ಸುತ್ತಿದ ಜಾಯಿಂಟಿನದ್ದೇ. ಉಪ್ಪು ಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ಇಂಥ ಕಡೆ ಬರಿ ಟೇಪ್ ಸುತ್ತಿದ ತಾಮ್ರ ಬೇಗ ಹಸಿರುಗಟ್ಟುತ್ತದೆ.

ಮೊದಲು ಸ್ಕ್ರೀನ್. ಹಳೆಯ ಕಾರುಗಳಲ್ಲಿ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಒಂದು ವೈರ್ ರೇಡಿಯೋದ ಹಿಂದೆ ಇರುತ್ತಿತ್ತು. ಟಿಟಿಯ ರೇಡಿಯೋ ಹಿಂದೆ ಅದು ಇಲ್ಲ. ಯಾವಾಗಲೂ ಕರೆಂಟ್ ಇರುವ ಬ್ಯಾಟರಿ ವೈರ್ ಇದೆ, ಅರ್ತ್ ಇದೆ. ರೇಡಿಯೋ ಯಾವಾಗ ಆನ್ ಆಗಬೇಕು, ಯಾವಾಗ ಆಫ್ ಆಗಬೇಕು ಎಂಬ ಸಂದೇಶ ಕ್ಯಾನ್ ಬಸ್ ಎಂಬ ಎರಡು ಸಪೂರ ವೈರುಗಳಲ್ಲಿ ಬರುತ್ತದೆ. ಇದು ಗೊತ್ತಿಲ್ಲದವರು ಹೊಸ ಸ್ಕ್ರೀನಿನ ಹಳದಿ (ಯಾವಾಗಲೂ ಕರೆಂಟ್ ಬೇಕಾದದ್ದು), ಕೆಂಪು (ಕೀ ಹಾಕಿದಾಗ ಮಾತ್ರ ಬೇಕಾದದ್ದು) ಎರಡೂ ವೈರುಗಳನ್ನು ಬ್ಯಾಟರಿ ವೈರಿಗೇ ಸೇರಿಸಿಬಿಡುತ್ತಾರೆ. ಸ್ಕ್ರೀನ್ ಬೆಳಗುತ್ತದೆ, ನೀವೂ ದುಡ್ಡು ಕೊಟ್ಟು ಹೊರಡುತ್ತೀರಿ. ಆದರೆ ಕಾರು ನಿಲ್ಲಿಸಿದ ಮೇಲೂ ಅದು ಕರೆಂಟ್ ಎಳೆಯುತ್ತಲೇ ಇರುತ್ತದೆ. ಕಾರನ್ನು ಶೆಡ್ಡಿನಲ್ಲಿ ಬಿಟ್ಟು ಗಲ್ಫಿಗೆ ಹೋಗಿ ಬರುವವರು ನಮ್ಮಲ್ಲಿ ಎಷ್ಟೊಂದು ಮಂದಿ ಇದ್ದಾರೆ! ಬಂದು ನೋಡಿದರೆ ಬ್ಯಾಟರಿ ಸತ್ತಿರುತ್ತದೆ.

ಆದ್ದರಿಂದ ಕ್ಯಾನ್ ಬಾಕ್ಸ್ (ಆ ಸಂದೇಶವನ್ನು ಸ್ಕ್ರೀನಿಗೆ ತಿಳಿಯುವಂತೆ ಮಾಡುವ ಡಬ್ಬಿ) ಇರುವ ಕ್ವಾಡ್‌ಲಾಕ್ ಹಾರ್ನೆಸ್, ಅಂದರೆ ಕಾರಿನ ರೇಡಿಯೋ ಸಾಕೆಟ್ಟಿಗೆ ನೇರ ಕೂರುವ ವೈರ್ ಸೆಟ್ ತರಿಸಿ. ಒಂದು ತುದಿ ಕಾರಿನ ಸಾಕೆಟ್ಟಿಗೆ, ಇನ್ನೊಂದು ಸ್ಕ್ರೀನಿಗೆ. ಕತ್ತರಿಯ ಕೆಲಸವೇ ಇಲ್ಲ. ಬೋಸ್ ಸ್ಪೀಕರ್ ಇದ್ದರೆ ಆರ್ಡರ್ ಮಾಡುವಾಗಲೇ ಹೇಳಿ, ಅದಕ್ಕೆ ಬೇಕಾದ ಹಾರ್ನೆಸ್ ಬೇರೆ. ಆಂಟೆನಾಕ್ಕೆ ಫಾಕ್ರಾ ಅಡಾಪ್ಟರ್ (ಕಾರಿನ ಆಂಟೆನಾ ಪ್ಲಗ್ಗನ್ನು ಸ್ಕ್ರೀನಿಗೆ ಹೊಂದಿಸುವಂಥದ್ದು) ಬೇಕು, ಅದೂ ಕರೆಂಟ್ ಕೊಡುವಂಥದ್ದು. ಆಂಟೆನಾದ ಆಂಪ್ಲಿಫೈಯರಿಗೆ 12 ವೋಲ್ಟ್ ಹೋಗುವುದು ಅದೇ ಕೇಬಲ್ಲಿನಲ್ಲಿ. ಅದು ಇಲ್ಲದಿದ್ದರೆ ಬದಿಯಡ್ಕದಲ್ಲಿ ಮಂಗಳೂರು ಆಕಾಶವಾಣಿ ಬರಿ ಗೊರಗೊರ ಎನ್ನುತ್ತದೆ. ಇಂಥ ಸ್ಕ್ರೀನುಗಳ ಸಾಮಾನ್ಯ ಅಳತೆಯಾದ ಡಬಲ್ ಡಿನ್ ಎಂದರೆ 180 × 100 ಮಿಲಿಮೀಟರ್. ಆಡಿಯ ಕಿಂಡಿಗೆ ಅದು ಸರಿಯಾಗಿ ಹೊಂದುವುದಿಲ್ಲ, ನಡುವೆ ಒಂದು ಫ್ರೇಮ್ ಬೇಕು. ಡ್ಯಾಶ್‌ಬೋರ್ಡ್ ಉಜ್ಜಿ ಕಿಂಡಿ ದೊಡ್ಡದು ಮಾಡಲು ಯಾರಿಗೂ ಬಿಡಬೇಡಿ. ಹಳೆಯ ರೇಡಿಯೋ ಎಳೆಯಲು ಅದಕ್ಕೆಂದೇ ಇರುವ ಕೀಗಳು ಸಿಗುತ್ತವೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸ್ಕ್ರೀನಿನಲ್ಲಿ ಹ್ಯಾಂಡ್‌ಬ್ರೇಕಿಗೆ ಸೇರಿಸುವ ಒಂದು ವೈರ್ ಇರುತ್ತದೆ. ಕಾರು ಓಡುವಾಗ ವಿಡಿಯೋ ಬರದ ಹಾಗೆ ತಡೆಯುವುದು ಅದು. ಅದನ್ನು ಸುಮ್ನೆ ಅರ್ತಿಗೆ ಕೊಟ್ಟು ಮುಗಿಸುವ ರೂಢಿ ಎಲ್ಲ ಕಡೆ ಇದೆ. ಬೇಡ ಮಾರಾಯರೇ. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ಹೆದ್ದಾರಿ ಆಗಿದೆ, ಟಿಟಿಯ ವೇಗ ನಿಮಗೇ ಗೊತ್ತು. ಕಣ್ಣು ರಸ್ತೆಯ ಮೇಲೇ ಇರಲಿ.

ಬೂಸ್ಟ್ ಗೇಜ್ 52 ಮಿಲಿಮೀಟರಿನದ್ದು ತೆಗೆದುಕೊಳ್ಳಿ. ಟಿಟಿಯ ವೆಂಟಿಗೆ ಸಿಗುವ ಪಾಡ್‌ಗಳು (ಗೇಜ್ ಕೂರಿಸುವ ಗೂಡು) ಸಾಮಾನ್ಯವಾಗಿ ಆ ಅಳತೆಗೇ ಇರುತ್ತವೆ. ಯಾವ ವೆಂಟ್? ಬಹಳ ಮಂದಿ ಡ್ರೈವರ್ ಬಾಗಿಲ ಪಕ್ಕದ್ದನ್ನೇ ಆರಿಸುತ್ತಾರೆ, ನೋಡಲು ಚೆಂದ ಅಂತ. ನಾನು ಹಾಗೆ ಮಾಡುವುದಿಲ್ಲ. ಆಟಿ ತಿಂಗಳಲ್ಲಿ ಪಕ್ಕದ ಗಾಜು ಮಂಜಾದಾಗ, ಕನ್ನಡಿ ಕಾಣದಾಗ ಕೈ ಹಿಡಿಯುವುದು ಅದೇ ವೆಂಟ್. ನಡುವಿನ ವೆಂಟುಗಳಲ್ಲಿ ನಿಮಗೆ ಹತ್ತಿರದ್ದನ್ನು ಬಿಟ್ಟುಕೊಡಿ. ಗೇಜಿನ ಹಿಂದೆ ಫೋಮ್ ಇಟ್ಟು ತಣ್ಣಗಿನ ಗಾಳಿ ತಡೆಯಿರಿ. ಇಲ್ಲದಿದ್ದರೆ ಗೇಜಿನ ಗಾಜಿನೊಳಗೆ ನೀರು ಕಟ್ಟಬಹುದು. ತೆಗೆದ ವೆಂಟನ್ನು ಜೋಪಾನವಾಗಿ ಎತ್ತಿಡಿ. ಕಾರು ಮಾರುವ ದಿನ ಅದು ಬೇಕಾಗುತ್ತದೆ.

ಎಲೆಕ್ಟ್ರಾನಿಕ್ ಸೆನ್ಸರ್ ಇರುವ ಗೇಜೇ ಒಳ್ಳೆಯದು. ಸೆನ್ಸರ್ ಎಂಜಿನ್ ಕಡೆ ಉಳಿಯುತ್ತದೆ, ರಬ್ಬರ್ ಗ್ರಾಮೆಟ್ಟಿನ ಮೂಲಕ ಒಳಗೆ ಬರುವುದು ವೈರ್ ಮಾತ್ರ. ಬೂಸ್ಟ್ ಸಂಪರ್ಕಕ್ಕೆ ಆ ಎಂಜಿನ್ನಿಗೆಂದೇ ಮಾಡಿದ ಅಡಾಪ್ಟರ್ ತರಿಸಿ. ಬ್ರೇಕ್ ಬೂಸ್ಟರಿನ ಪೈಪಿಗೆ ಕೈ ಹಾಕಬೇಡಿ. ಗೇಜಿನ ಕರೆಂಟನ್ನು ಫ್ಯೂಸ್ ಬಾಕ್ಸಿನಿಂದ, ಕೀ ಹಾಕಿದಾಗ ಮಾತ್ರ ಬರುವ ಫ್ಯೂಸಿಗೆ ಟ್ಯಾಪ್ (ವೈರ್ ಕತ್ತರಿಸದೆ ಫ್ಯೂಸಿನ ಜಾಗದಲ್ಲೇ ಸಿಕ್ಕಿಸುವ ಕವಲು) ಕೊಟ್ಟು, 3 ಆಂಪ್ ಫ್ಯೂಸಿನೊಂದಿಗೆ ತೆಗೆಯಿರಿ. ಬಾಗಿಲು ತೆರೆದು ಡ್ಯಾಶ್‌ಬೋರ್ಡಿನ ತುದಿಯ ಮುಚ್ಚಳ ಬಿಚ್ಚಿದರೆ ಫ್ಯೂಸುಗಳು ಕಾಣುತ್ತವೆ.

ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಹತ್ತು ನಿಮಿಷವಾದರೂ ಕಾಯಿರಿ. ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ. ಬ್ಯಾಟರಿ ಮತ್ತೆ ಜೋಡಿಸಿದ ಮೇಲೆ ಎರಡೂ ಗಾಜುಗಳನ್ನು ಪೂರ್ತಿ ಏರಿಸಿ, ಸ್ವಿಚ್ಚನ್ನು ಸ್ವಲ್ಪ ಹೊತ್ತು ಎಳೆದು ಹಿಡಿಯಿರಿ. ಟಿಟಿಯ ಬಾಗಿಲಿನ ಗಾಜಿಗೆ ಚೌಕಟ್ಟು ಇಲ್ಲ. ಬಾಗಿಲು ತೆರೆಯುವಾಗ ಗಾಜು ತುಸು ಇಳಿದು, ಮುಚ್ಚಿದ ಮೇಲೆ ಏರಿ ಬೀಡಿಂಗಿಗೆ ಒತ್ತಿಕೊಳ್ಳಬೇಕು. ಈ ನೆನಪು ಬ್ಯಾಟರಿಯ ಜೊತೆಗೇ ಹೋಗಿರುತ್ತದೆ. ಕಲಿಸದೆ ಬಿಟ್ಟರೆ ಮೊದಲ ಮಳೆಗೇ ಸೀಟು ಒದ್ದೆ.

ಎಲ್ಲ ಮುಗಿದ ಮೇಲೆ ಕಾರು ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು, ಬ್ಯಾಟರಿಯಿಂದ ಎಷ್ಟು ಕರೆಂಟ್ ಹೋಗುತ್ತಿದೆ ಎಂದು ಮಲ್ಟಿಮೀಟರಿನಲ್ಲಿ ನೋಡಲು ಹೇಳಿ. 50 ಮಿಲಿ ಆಂಪ್‌ಗಿಂತ ಕಡಿಮೆ ಬಂದರೆ ನಿಶ್ಚಿಂತೆ. ಇದಕ್ಕೆ ಒಪ್ಪದ ಅಂಗಡಿಗೆ ಕಾರು ಕೊಡಬೇಡಿ.

ಪ್ರಶ್ನೆ: ಮಗನ ಕಾರಿನ ಡ್ಯಾಶ್‌ಬೋರ್ಡಿನ ಎಡಗಡೆ ಮಧೂರು ಗಣಪತಿಯ ಹಿತ್ತಾಳೆ ಮೂರ್ತಿ ಇಟ್ಟಿದ್ದೇವೆ. ಬಿಸಿಲಿಗೆ ಟೇಪ್ ಬಿಡುತ್ತದೆ. ಸೂಪರ್ ಗ್ಲೂ ಹಾಕಲೇ?
– ಓದುಗರು, ಮಂಜೇಶ್ವರ

ಉತ್ತರ: ದಯವಿಟ್ಟು ಆ ಜಾಗ ಬದಲಿಸಿ. ಎಡಗಡೆ ಪ್ಲಾಸ್ಟಿಕ್ಕಿನ ಮೇಲೆ ಏರ್‌ಬ್ಯಾಗ್ ಎಂದು ಅಚ್ಚು ಹಾಕಿದೆಯಲ್ವಾ, ಅಪಘಾತವಾದರೆ ಕಣ್ಣು ಮಿಟುಕಿಸುವುದರೊಳಗೆ ಆ ಭಾಗ ಒಡೆದು ಚೀಲ ಹೊರಗೆ ಬರುತ್ತದೆ. ಅದರ ಮೇಲಿರುವ ಹಿತ್ತಾಳೆ ನೇರ ಪಕ್ಕದ ಸೀಟಿನವರ ಮುಖಕ್ಕೆ. ಮೂರ್ತಿಯನ್ನು ಮನೆಯಲ್ಲಿಟ್ಟು ಪೂಜಿಸಿ. ಕಾರಿನಲ್ಲಿ ಗೇರಿನ ಮುಂದೆ, ಕೆಳಗಡೆ, ಒಂದು ತೆಳ್ಳಗಿನ ಪಟ ಅಂಟಿಸಿ.

ಸೂಪರ್ ಗ್ಲೂ ಬೇಡ, ಸುತ್ತ ಬಿಳಿ ಪುಡಿಯಂಥ ಕಲೆ ಉಳಿಯುತ್ತದೆ. ಟೇಪ್ ಬಿಡುವುದಕ್ಕೆ ಬಿಸಿಲಿನಷ್ಟೇ ಕಾರಣ ಡ್ಯಾಶ್‌ಬೋರ್ಡಿಗೆ ಹಚ್ಚುವ ಸಿಲಿಕೋನ್ ಪಾಲಿಶ್. ಪಟ ಅಂಟಿಸುವ ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಒಣಗಲು ಬಿಟ್ಟು, ಪಟವನ್ನು ಅಕ್ರಿಲಿಕ್ ಫೋಮ್ ಟೇಪಿನಿಂದ ಗಟ್ಟಿಯಾಗಿ ಒತ್ತಿ. ಒಂದು ದಿನ ಮುಟ್ಟಬೇಡಿ.

ಪ್ರಶ್ನೆ: ಸ್ಟೀರಿಯೋ ಬದಲಿಸಿದಂದಿನಿಂದ ಡ್ಯಾಶ್‌ಬೋರ್ಡ್ ಕಿರಕಿರ ಎನ್ನುತ್ತದೆ. ಏನು ಮಾಡಲಿ?
– ಓದುಗರು, ಮುಳ್ಳೇರಿಯ

ಉತ್ತರ: ಸ್ಟೀರಿಯೋದ ಸುತ್ತಲಿನ ಪ್ಲಾಸ್ಟಿಕ್ ಪಟ್ಟಿಯನ್ನು ಸ್ಕ್ರೂಡ್ರೈವರಿನಲ್ಲಿ ಮೀಟಿ ತೆಗೆದಿರಬೇಕು. ಹಾಗೆ ಮಾಡಿದಾಗ ಪಟ್ಟಿಯ ಲೋಹದ ಕ್ಲಿಪ್ಪುಗಳು ಡ್ಯಾಶ್‌ಬೋರ್ಡಿನ ತೂತಿನಲ್ಲೇ ಉಳಿದುಬಿಡುತ್ತವೆ. ಪ್ಲಾಸ್ಟಿಕ್ ಟ್ರಿಮ್ ಟೂಲಿನಿಂದ ಪಟ್ಟಿ ಬಿಚ್ಚಿ, ಕ್ಲಿಪ್ಪುಗಳನ್ನು ಕಿತ್ತು ಪಟ್ಟಿಗೆ ಸಿಕ್ಕಿಸಿ, ಆಮೇಲೆ ಒತ್ತಿ. ಒಳಗಿನ ವೈರಿಗೆ ಬಟ್ಟೆಯ ಟೇಪ್ ಸುತ್ತಿದರೆ ಅದು ಪ್ಲಾಸ್ಟಿಕ್ಕಿಗೆ ಬಡಿಯುವ ಸದ್ದೂ ನಿಲ್ಲುತ್ತದೆ.